ಕಲ್ಲಿನ ಈಚೆ

"ಇವಳ ಬಾಯಿ ಭದ್ರವಾ?" ಹೊಸ ಪಾದ್ರಿ ಕೇಳಿದ.

ಇಗರ್ಜಿಯ ಬಾಗಿಲಲ್ಲಿ ಸೂಲಗಿತ್ತಿ ಹಾವಿಸ್ ಕೈಕಟ್ಟಿ ನಿಂತಿದ್ದಳು. ಇನ್ನು ಮುಂದೆ ಹೆರಿಗೆ ಮಾಡಿಸಲು ಪಾದ್ರಿಯ ಅಪ್ಪಣೆ ಬೇಕು. ಅಪ್ಪಣೆ ಸಿಗಲು, ಇವಳು ಮನೆಮನೆಯ ಗುಟ್ಟು ಕಾಯುವವಳು ಎಂದು ಊರ ಮುಖಂಡ ಥರ್ಸ್ಟನ್ ಹೂಂ ಅನ್ನಬೇಕು.

"ಹೆಂಗಸಲ್ವಾ ಸ್ವಾಮಿ, ಜರಡೀಲಿ ನೀರು ನಿಲ್ಲುತ್ತಾ?" ಥರ್ಸ್ಟನ್ ನಕ್ಕ.

"ಮಹಾಮಾರಿ ಬಂದಾಗ ಸಾಯೋರ ಪಾಪನಿವೇದನೆ ಕೇಳಿದ್ದು ಇವಳೇ ಅಂತಲ್ಲ?"

ಅದು ನಿಜ. ಎರಡು ವರ್ಷದ ಹಿಂದೆ ಮಹಾಮಾರಿಗೆ ಹಳೆಯ ಪಾದ್ರಿಯೇ ಮೊದಲು ಹೋಗಿದ್ದ. ಪಾದ್ರಿ ಇಲ್ಲದಿದ್ದರೆ ಯಾರಿಗಾದರೂ ಹೇಳಿಕೊಳ್ಳಿ, ಗಂಡಸು ಸಿಗದಿದ್ದರೆ ಹೆಂಗಸಿಗಾದರೂ ಸರಿ ಎಂದು ಬಿಷಪ್ಪರ ಓಲೆ ಬಂದಿತ್ತು. ಗಂಡಸರು ಬಾಗಿಲು ಹಾಕಿಕೊಂಡಿದ್ದರು. ಹಾವಿಸ್ ಹತ್ತೊಂಬತ್ತು ಹಾಸಿಗೆಗಳ ಪಕ್ಕ ಕೂತಿದ್ದಳು.

"ಈ ಥರ್ಸ್ಟನ್‌ನ ಅಣ್ಣ ವೈಮಂಡ್ ಸಾಯುವಾಗ ಏನು ಹೇಳ್ದ?" ಪಾದ್ರಿ ಅವಳನ್ನೇ ಕೇಳಿದ.

ಥರ್ಸ್ಟನ್‌ನ ನಗೆ ನಿಂತಿತು. ಕೈಯಲ್ಲಿದ್ದ ಟೋಪಿಯನ್ನು ಹಿಂಡತೊಡಗಿದ.

"ನೀರು ಕೇಳ್ದ."

"ಆಮೇಲೆ?"

"ಆಮೇಲಿಂದು ದೇವರಿಗೆ ಹೇಳಿದ್ದು ಸ್ವಾಮಿ. ನಾನು ಬರೀ ಪಕ್ಕದಲ್ಲಿದ್ದೆ."

ಪಾದ್ರಿ ತಲೆದೂಗಿದ. "ಇದಕ್ಕಿಂತ ಭದ್ರವಾದ ಬಾಯಿ ಬೇಕಾ ಥರ್ಸ್ಟನ್? ಆದ್ರೂ ಪದ್ಧತಿ. ನಿನ್ನ ಮಾತು ಹೇಳು."

ಥರ್ಸ್ಟನ್ ಅವಳ ಕಡೆ ನೋಡಲಿಲ್ಲ. "ಬೇಡ ಸ್ವಾಮಿ. ಇವತ್ತು ನಿಂತ ಬಾಯಿ ನಾಳೆ ನಿಲ್ಲುತ್ತಾ? ನೀವು ಒಪ್ಪಿದೋಳು ಅಂತಾದ್ರೆ ಊರೋರು ಇವಳು ಅಂದಿದ್ದೆಲ್ಲ ನಂಬ್ತಾರೆ."

"ನಿಮ್ಮ ಸೊಸೆಗೆ ದಿನ ತುಂಬ್ತಾ ಬಂತು ಯಜಮಾನ್ರೆ," ಎಂದಳು ಹಾವಿಸ್. "ಯಾರನ್ನ ಕರೀತೀರ?"

"ದೇವರಿದ್ದಾನೆ."

"ಮಹಾಮಾರೀಲೂ ಹಂಗಂದೇ ಅಗುಳಿ ಹಾಕ್ಕೊಂಡ್ರಿ."

ಮಧ್ಯಾಹ್ನ ಹಾವಿಸ್ ತನ್ನ ಹೊಲದಲ್ಲಿ ಬಟಾಣಿ ಊರುತ್ತಿದ್ದಳು. ಪಕ್ಕದ್ದು ಥರ್ಸ್ಟನ್‌ನ ಹೊಲ, ನಡುವೆ ಗಡಿಕಲ್ಲು. ಅವಳ ಗಂಡ ಸತ್ತ ವಾರವೇ ಅಣ್ಣತಮ್ಮ ಸೇರಿ ಆ ಕಲ್ಲನ್ನು ಅವಳ ಹೊಲದೊಳಕ್ಕೆ ನಾಲ್ಕು ಸಾಲು ಸರಿಸಿದ್ದನ್ನು ವೈಮಂಡ್ ಸಾಯುವ ಮುಂಚೆ ಅಳುತ್ತಾ ಹೇಳಿಕೊಂಡಿದ್ದ.

ಥರ್ಸ್ಟನ್ ಆಚೆ ನಿಂತು ನೋಡುತ್ತಿದ್ದ. ಹಾವಿಸ್ ಬಗ್ಗಿ ಬಗ್ಗಿ ಕಾಳು ಹಾಕುತ್ತಾ ಕಲ್ಲಿನವರೆಗೆ ಬಂದಳು. ಕೊನೆಯ ಕಾಳನ್ನು ಕಲ್ಲಿನ ಈಚೆಗೇ ಊರಿ, ಹೆಬ್ಬೆರಳಲ್ಲಿ ಮಣ್ಣು ಮುಚ್ಚಿ, ಹಿಂದಿರುಗಿದಳು.