ಬಿಳಿ ಶಾರ್ಕ್ ಮತ್ತು ಮೌನಿ

‘ಒಲೆ ಮೇಲೆ ಹಾಲಿದೆ. ಉಕ್ಕುತ್ತೆ, ನೋಡು.’

ಮೊಬೈಲ್ ಪರದೆಯ ಮೂಲೆಯಲ್ಲಿ ಮೂಡಿದ ಆ ಸಾಲನ್ನು ಓದಿ ಸ್ಪಂದನಾಳ ಬೆರಳು ನಿಂತುಬಿಟ್ಟಿತು. ಅಡುಗೆಮನೆಗೆ ಓಡಿದಳು. ಹಾಲು ಪಾತ್ರೆಯ ಅಂಚಿಗೆ ಬಂದಿತ್ತು. ಒಲೆ ಆರಿಸಿ ಅಲ್ಲೇ ಗೋಡೆಗೊರಗಿ ನಿಂತಳು.

ಸಂದೇಶ ಕಳಿಸಿದ್ದು ಮೌನಿ.

ಮೌನಿ ಯಾರೆಂದು ಅವಳಿಗೆ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಮೀನು ಹಿಡಿಯುವ ಆಟ. ಅದರಲ್ಲಿ ತಿಂಗಳ ಹಿಂದೆ ತಾನಾಗಿ ಬಂದು ಜೊತೆಯಾದ ಹೆಸರು, ಅಷ್ಟೆ. ಯಾವನೋ ಹುಡುಗನಿರಬೇಕು ಅಂದುಕೊಂಡಿದ್ದಳು. ಇಬ್ಬರೂ ಒಂದೇ ದೋಣಿಯಲ್ಲಿ ಕೂತು ಸಮುದ್ರಕ್ಕೆ ಗಾಳ ಹಾಕುತ್ತಿದ್ದರು. ಏನೇನೋ ಸಿಕ್ಕಿತ್ತು. ದೊಡ್ಡ ಬಿಳಿ ಶಾರ್ಕ್ ಮಾತ್ರ ಪ್ರತಿ ಸಲವೂ ದಾರ ಕಡಿದುಕೊಂಡು ಹೋಗುತ್ತಿತ್ತು.

ಸೋಮವಾರಪೇಟೆಯ ಆ ಮನೆಗೆ ಅವಳು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಟೀವಿಯಲ್ಲಿ ಮೀನು ಸಾರು ಕಾಣಿಸಿದರೂ ಚಾನೆಲ್ ಬದಲಾಯಿಸುವ ಮನೆ. ಅತ್ತೆ ಸುಲೋಚನಮ್ಮ ಸಂಜೆಯ ಲಿಂಗಪೂಜೆ ಮುಗಿಸಿ ಕೋಣೆ ಸೇರಿದರೆ ಊಟಕ್ಕೇ ಹೊರಗೆ ಬರುವುದು. ಸೊಸೆಯೊಂದಿಗೆ ಮಾತೆಂದರೆ ‘ಉಪ್ಪು ಕಮ್ಮಿ’, ‘ಗೇಟು ಹಾಕು’, ಅಷ್ಟೇ. ಆ ಹೊತ್ತಿನಲ್ಲಿ ಸ್ಪಂದನಾ ಶಬ್ದ ಅಡಗಿಸಿ ಆಡುತ್ತಿದ್ದಳು. ಗಂಡ ರೇಣುಕಪ್ರಸಾದನಿಗೂ ಹೇಳಿರಲಿಲ್ಲ.

ಮತ್ತೆ ಸಂದೇಶ ಬಂತು.

‘ನಿನ್ನ ಗಂಡ ಇನ್ನೂ ಬಂದಿಲ್ಲ. ಮುಂಬಾಗಿಲ ಚಿಲಕ ಹಾಕಿಲ್ಲ.’

ಹೌದು, ಹಾಕಿರಲಿಲ್ಲ. ಚಿಲಕ ಎಳೆದು, ಕಿಟಕಿಯ ಪರದೆ ಸರಿಸಿದಳು. ರಸ್ತೆಯಾಚೆ, ಇಂಟರ್ನೆಟ್ ರಿಪೇರಿಯ ಮಿಲನ್ ಬೈಕ್ ಮೇಲೆ ಕೂತು ಮೊಬೈಲ್ ಒತ್ತುತ್ತಿದ್ದ. ವೈರು ಎಳೆಯುವ ನೆಪದಲ್ಲಿ ಮನೆಯ ಒಂದೊಂದು ಕೋಣೆಯನ್ನೂ ನೋಡಿ ಹೋದವನು.

ಗಂಡನಿಗೆ ಫೋನ್ ಮಾಡಿದಳು.

“ರೀ, ಬೇಗ ಬನ್ನಿ. ಯಾರೋ ನಮ್ಮನೆ ಮೇಲೆ ಕಣ್ಣಿಟ್ಟಿದಾರೆ.”

“ಈಗ ತಾನೇ ಕುಶಾಲನಗರ ಬಿಟ್ಟೆ. ಅಮ್ಮನ ಹತ್ರ ಹೋಗಿ ಕೂತ್ಕೊ.”

“ಅತ್ತೆ ಹತ್ರನಾ?”

ಅವನಿಗೆ ಕೇಳಿಸಿತೋ ಇಲ್ಲವೋ, ಫೋನ್ ಕಟ್ಟಾಯಿತು.

ಆಟ ಮುಚ್ಚಲೆಂದು ಪರದೆ ನೋಡಿದಳು. ಗಾಳದ ಕೋಲು ಬಿಲ್ಲಿನಂತೆ ಬಾಗಿತ್ತು. ದೋಣಿಯ ಪಕ್ಕದಲ್ಲೇ ಕಪ್ಪು ನೀರು ಸೀಳಿಕೊಂಡು ಬಿಳಿಯ ಬೆನ್ನೊಂದು ಮೇಲೆದ್ದು ಮುಳುಗಿತು. ಕೆಳಗೆ ಮೌನಿಯ ಸಾಲು:

‘ಎರಡೂ ಕೈಯಲ್ಲಿ ಹಿಡ್ಕೊ. ಹೆದರಬೇಡ. ನಾನು ಹತ್ತಿರದಲ್ಲೇ ಇದೀನಿ.’

ಹೊರಗೆ ಬೈಕ್ ಸ್ಟಾರ್ಟ್ ಆಯಿತು. ಸದ್ದು ಗೇಟಿನ ಕಡೆಗೇ ಬಂತು.

ಸ್ಪಂದನಾ ಮೊಬೈಲ್ ಹಿಡಿದುಕೊಂಡೇ ಓಡಿದಳು. ಕರೆಯದೆ ಅತ್ತೆಯ ಕೋಣೆಗೆ ಅವಳು ಕಾಲಿಟ್ಟವಳೇ ಅಲ್ಲ. ಈಗ ಬಾಗಿಲನ್ನು ಭುಜದಿಂದ ದೂಡಿದಳು.

“ಅತ್ತೆ... ಯಾರೋ...”

ಕೋಣೆಯಲ್ಲಿ ದೀಪವಿರಲಿಲ್ಲ. ಸುಲೋಚನಮ್ಮ ಶಾಲು ಹೊದ್ದು ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮುಖದ ಮೇಲೆ ನೀಲಿ ಬೆಳಕು ಬಿದ್ದಿತ್ತು. ಎರಡೂ ಹೆಬ್ಬೆರಳು ಬಿಡುವಿಲ್ಲದೆ ಆಡುತ್ತಿದ್ದವು. ಹೊರಗೆ ಬೈಕಿನ ಸದ್ದು ಗೇಟು ದಾಟಿ ದೂರವಾಯಿತು. ಅವರು ತಲೆಯೆತ್ತಲಿಲ್ಲ.

“ಅಲ್ಲ ಕಣೇ, ಅಂಥಾ ಶಾರ್ಕ್ ಗಾಳಕ್ಕೆ ಬಿದ್ದಿರುವಾಗ ಯಾರಾದ್ರೂ ದಾರ ಬಿಟ್ಟು ಎದ್ದು ಬರ್ತಾರಾ? ಬಾ, ಇಲ್ಲಿ ಕೂತ್ಕೊ, ಎಳಿ!”