ಹತ್ತಿಮತ್ತೂರಿನ ಮೇಲೆ ಹಾಯುವ ತಂತಿ

‘ತಂತಿ ನಮ್ಮ ಹೊಲದಾಗ ಹಾದು ಹೋದ್ರ, ನಮ್ಮನ್ಯಾಗೂ ದೀಪ ಹತ್ತತಾವೇನ್ರಿ ವಕೀಲ್ರ?’

ಚಾವಡಿಯಲ್ಲಿ ನೆರೆದ ರೈತರ ನಡುವಿನಿಂದ ಶೇಖವ್ವ ಹೀಗೆ ಕೇಳಿದಾಗ ಉಳವಪ್ಪ ಕುರ್ಚಿಯಲ್ಲೇ ಮಿಸುಕಾಡಿದ. ವಿದ್ಯುತ್ ಕಾಯ್ದೆಯನ್ನು ಅರೆದು ಕುಡಿದವನೆಂದೇ ವಿದ್ಯುತ್ ತಂತಿ ಎಳೆಯುವ ಕಂಪನಿ ಅವನನ್ನು ಪುಣೆಯಿಂದ ಕರೆಸಿತ್ತು. ಕಂಬ ನೆಡಲು ಈ ಊರನ್ನು ಒಪ್ಪಿಸಿದರೆ ಮುಂಬಯಿಯಲ್ಲಿ ಕಾಯಂ ನೌಕರಿ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದ. ತಂತಿ ಹೊರಟದ್ದು ದೂರದ ಗಿರಣಿಗೆ. ನಡುವಿನ ಹಳ್ಳಿಗಳಿಗೆ ದೀಪ ಕೊಡುವ ಮಾತು ರೈತರು ಹೆಬ್ಬಟ್ಟು ಒತ್ತಬೇಕಿದ್ದ ಕರಾರಿನಲ್ಲಿ ಎಲ್ಲಿಯೂ ಇರಲಿಲ್ಲ. ಆ ಕರಾರನ್ನು ಬರೆದವನು ಉಳವಪ್ಪನೇ.

‘ಹೂಂ ಅಂದುಬಿಡ್ರಿ, ಮುಗೀತು,’ ಎಂದು ಪಕ್ಕದಲ್ಲಿದ್ದ ಮ್ಯಾನೇಜರ್ ಪಿಸುಗುಟ್ಟಿದ. ಶೇಖವ್ವ ಕಣ್ಣು ಕದಲಿಸದೆ ಕಾಯುತ್ತಿದ್ದಳು. ಉಳವಪ್ಪ ಎದ್ದು ನಿಂತ.

‘ಇಲ್ಲಬೇ ಯವ್ವಾ, ಹತ್ತೂದಿಲ್ಲ. ಊರಿಗೆ ದೀಪ ಕೊಡ್ತೇವಿ ಅಂತ ಕರಾರಿನ್ಯಾಗ ಬರಿಯೂತನಕ ಯಾರೂ ಹೆಬ್ಬಟ್ಟು ಒತ್ತಬ್ಯಾಡ್ರಿ.’

ಮ್ಯಾನೇಜರ್ ಹ್ಯಾಟು ಎತ್ತಿಕೊಂಡು ಹೊರನಡೆದ. ಅವರಿಬ್ಬರನ್ನೂ ಕರೆತಂದಿದ್ದ ಕಂಪನಿಯ ಕಾರು ಉಳವಪ್ಪನನ್ನು ಬಿಟ್ಟು ಶಿಗ್ಗಾಂವಿಯ ದಾರಿ ಹಿಡಿಯಿತು.

‘ಹಂಗಾರ ಅದನ್ನ ಅವರ ಕಡಿಂದ ಬರಸೂದು ಹೆಂಗ್ರಿ?’ ಎಂದಳು ಶೇಖವ್ವ.

ಉಳವಪ್ಪ ಕೋಟು ಕಳಚಿಟ್ಟು, ಅವರೆಲ್ಲರ ಜೊತೆ ಜಮಖಾನೆಯ ಮೇಲೆ ಕುಳಿತು, ಕಾಯ್ದೆಯನ್ನು ಮೊದಲಿನಿಂದ ಹೇಳತೊಡಗಿದ.