ಅಕ್ಕನಿಗೆ ಜ್ವರ

“ಅಕ್ಕ ಯಾಕೆ ಸ್ಕೂಲಿಗೆ ಬರ್ತಿಲ್ಲ ಅಂತ ಕೇಳಿದ್ರೆ ಏನು ಹೇಳ್ಬೇಕು?”

“ಅಕ್ಕಂಗೆ ಜ್ವರ.”

“ಜಾಣ ಮರಿ!” ಅಮ್ಮ ಮಗನ ತಲೆ ಬಾಚಿದಳು. ಟೈಲರ್ ಆಗಿದ್ದ ಅಪ್ಪ ಕತ್ತೆತ್ತಲಿಲ್ಲ. ಮಗಳ ಯೂನಿಫಾರಂ ಅಂಗಿಯನ್ನು ಮಗನ ಅಳತೆಗೆ ಚಿಕ್ಕದು ಮಾಡುತ್ತಿದ್ದ. ಹುಡುಗಿಯರ ಅಂಗಿಗೆ ಗುಂಡಿಯ ಕಾಜಾ ಒಂದು ಬದಿ, ಹುಡುಗರದಕ್ಕೆ ಇನ್ನೊಂದು ಬದಿ. ಹಳೆಯವನ್ನು ಹೊಲಿದು ಮುಚ್ಚುವಾಗ ಸೂಜಿ ಎರಡು ಸಲ ಬೆರಳಿಗೇ ಚುಚ್ಚಿತು.

ಮಗಳು ರಜೆಯಲ್ಲಿ ಅಜ್ಜಿಯ ಊರಿಗೆ ಹೋದವಳು ಜ್ವರ ಬಂದು ಅಲ್ಲೇ ತೀರಿಕೊಂಡಿದ್ದಳು. ಶಾಲೆಗೆ ಇನ್ನೂ ಗೊತ್ತಿರಲಿಲ್ಲ. ಅಣ್ಣನೋ ಅಕ್ಕನೋ ಅಲ್ಲಿ ಓದುತ್ತಿದ್ದರೆ ಚಿಕ್ಕವರಿಗೆ ಸೀಟು ಖಂಡಿತ. ಇಲ್ಲದವರನ್ನು ಗೇಟಿನ ಕಾವಲುಗಾರನೂ ಕ್ಯಾರೆ ಅನ್ನುವುದಿಲ್ಲ. ಮಗ ಹೊಟ್ಟೆಯಲ್ಲಿದ್ದಾಗಲೇ ಹೆಂಡತಿ ಇದನ್ನೆಲ್ಲ ಯೋಚಿಸಿ, ಅತ್ತು ಕರೆದ ಮಗಳನ್ನು ಹಳೇ ಶಾಲೆ ಬಿಡಿಸಿ ಈ ಶಾಲೆಗೆ ಹಾಕಿದ್ದಳು. “ಇನ್ನೂ ಕಣ್ಣೇ ಬಿಟ್ಟಿಲ್ಲ, ಆಗ್ಲೇ ಸ್ಕೂಲಾ?” ಎಂದು ಅವನು ಆಗ ನಕ್ಕಿದ್ದ.

“ಬೇಡ ಕಣೇ. ಅಕ್ಕ ಇನ್ನು ಬರಲ್ಲ ಅಂತ ಎಷ್ಟು ಕಷ್ಟಪಟ್ಟು ಹೇಳಿದೀವಿ. ಈಗಷ್ಟೇ ಕೇಳೋದು ಬಿಟ್ಟಿದಾನೆ.”

“ಅವಳಿಗೆ ಮಾಡೋಕೆ ಇನ್ನೇನೂ ಉಳಿದಿಲ್ಲ ರೀ. ಇವನಿಗಾದ್ರೂ ಆಗ್ಲಿ. ಸೀಟು ಕೈಗೆ ಬರಲಿ, ನಾಳೆ ಸ್ಕೂಲಿಗೆ ಹೇಳಿದ್ರಾಯ್ತು.” ಅವಳು ಸೆರಗನ್ನು ಬಾಯಿಗೊತ್ತಿಕೊಂಡಳು. “ನಾನು ಬಂದ್ರೆ ಅಲ್ಲೇ ಅತ್ತುಬಿಡ್ತೀನಿ. ನೀವೇ ಕರ್ಕೊಂಡು ಹೋಗಿ.”

ಶಾಲೆಯಲ್ಲಿ ಹೆಡ್‌ಮೇಡಂ ಹುಡುಗನ ಕೆನ್ನೆ ತಟ್ಟಿದರು. “ನಿಮ್ಮಕ್ಕ ಎಲ್ಲೋ? ರಜೆ ಮುಗಿದ್ರೂ ಪತ್ತೆನೇ ಇಲ್ಲ?”

ಟೈಲರ್ ಮಗನ ಹೆಗಲ ಮೇಲೆ ಕೈ ಇಟ್ಟ.

“ಅಕ್ಕಂಗೆ ಜ್ವರ,” ಎಂದ ಹುಡುಗ. ಅಪ್ಪನ ಮುಖ ನೋಡಿದ. ಅಪ್ಪ ಸೀಟಿನ ಅರ್ಜಿಯನ್ನು ಮೇಡಂ ಮುಂದೆ ಸರಿಸಿದ.

“ಅಯ್ಯೋ ಪಾಪ!” ಎನ್ನುತ್ತಲೇ ಮೇಡಂ ಸಹಿ ಹಾಕಿದರು. ಡ್ರಾಯರಿನಿಂದ ಎರಡು ಚಾಕಲೇಟು ತೆಗೆದರು. “ಒಂದು ನಿಂಗೆ, ಒಂದು ಅಕ್ಕಂಗೆ. ಬೇಗ ಹುಷಾರಾಗು ಅಂತ ಹೇಳು, ಆಯ್ತಾ?”

ಟೈಲರ್ ಕೈ ಮುಗಿದು ಹೊರಬಂದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ದಾರಿಯುದ್ದಕ್ಕೂ ಹುಡುಗ ಕುಣಿಯುತ್ತ ಮುಂದೆ ಮುಂದೆ ಓಡಿದ. ತನ್ನ ಪಾಲಿನದನ್ನು ತಿಂದ. ಇನ್ನೊಂದನ್ನು ಎಷ್ಟು ಕೇಳಿದರೂ ಅಪ್ಪನ ಕೈಗೂ ಕೊಡಲಿಲ್ಲ.

ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. “ಸಿಕ್ತಾ?”

ಅವನು ಹೂಂ ಎಂದ. ಅವಳು ಹೊಸ್ತಿಲಲ್ಲೇ ಕುಸಿದು ಕೂತಳು. ಹುಡುಗ ಅವಳನ್ನು ದಾಟಿ ಒಳಗೆ ಓಡಿದ. ಕೋಣೆ ನೋಡಿದ, ಅಡುಗೆಮನೆ ನೋಡಿದ, ಮಂಚದ ಕೆಳಗೂ ಬಗ್ಗಿದ. ಮುಷ್ಟಿಯಲ್ಲಿ ಮೆತ್ತಗಾಗಿದ್ದ ಚಾಕಲೇಟನ್ನು ಹಿಡಿದು ವಾಪಸ್ ಬಂದು ಕೇಳಿದ:

“ಅಮ್ಮಾ, ಅಕ್ಕನ್ನ ಎಲ್ಲಿ ಮಲಗಿಸಿದೀಯ?”